ತಾರಸಿಯ ಬಿಸಿಲಿಗೆ ಬೀಗ ಹಾಕಿ ಕಾಪಾಡಿದ ಕಾರ್ಯದರ್ಶಿಗಳಿಗೆ

ಮಾನ್ಯರೇ,

ನಮ್ಮ ಕಟ್ಟಡದ ನಿವಾಸಿಗಳ ಸಂಘದ ಗೌರವ ಕಾರ್ಯದರ್ಶಿಗಳೂ, ಲಿಫ್ಟು, ನೀರಿನ ತೊಟ್ಟಿ, ಮೆಟ್ಟಿಲ ದೀಪ ಹಾಗೂ ತಾರಸಿಯ ಬೀಗದ ಏಕಮೇವ ರಕ್ಷಕರೂ ಆದ ತಮಗೆ ಮೊದಲನೆಯ ಮಹಡಿಯ ದರ್ಜಿಯ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟವರನ್ನು ತಾವು ಗದರಿಸಿದ ದನಿ ಇಂದು ಬೆಳಿಗ್ಗೆಯೂ ನನ್ನ ಅಡುಗೆಮನೆಯವರೆಗೆ ಬಂದು ಹೋಯಿತು. ಈ ಪತ್ರವನ್ನು ತಮ್ಮ ಕೈಗೆ ಕೊಡದೆ ಲಿಫ್ಟಿನ ಪಕ್ಕದ ಸೂಚನಾ ಫಲಕಕ್ಕೆ ಅಂಟಿಸಿರುವುದಕ್ಕೆ ಕ್ಷಮೆಯಿರಲಿ. ಅಲ್ಲಿ ಅಂಟಿಸಿದ್ದನ್ನು ಬಿಟ್ಟು ತಾವು ಬೇರೇನನ್ನೂ ಪೂರ್ತಿ ಓದುವುದಿಲ್ಲ ಎಂದು ತಮ್ಮ ಶ್ರೀಮತಿಯವರೇ ಹೇಳಿದರು. ಅವರ ವಿಷಯವೂ ಇದರಲ್ಲಿ ಬರುತ್ತದೆ, ಅದಕ್ಕೆ ಅವರ ಒಪ್ಪಿಗೆಯೂ ಇದೆ. ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರಾದರೂ ನನ್ನ ಕರಡಿನ ಕಾಗುಣಿತವನ್ನು ಕೆಂಪು ಮಸಿಯಲ್ಲಿ ತಿದ್ದಿದ್ದಾರೆ, ಒಂದು ಕಡೆ ಗಟ್ಟಿಯಾಗಿ ನಕ್ಕಿದ್ದಾರೆ. ಎಲ್ಲಿ ಎಂಬುದನ್ನು ತಾವೇ ಕಂಡುಕೊಳ್ಳತಕ್ಕದ್ದು.

ಮೊದಲಿಗೆ ತಮ್ಮ ಬೀಗವನ್ನು ಹೊಗಳದಿದ್ದರೆ ನನ್ನ ನಾಲಗೆಗೆ ಒಳ್ಳೆಯದಾಗದು. ನೀರಿನ ತೊಟ್ಟಿಯಲ್ಲಿ ಮಕ್ಕಳ ಚೆಂಡು ತೇಲಿದ ದಿನದಿಂದ ತಾರಸಿಯ ಬಾಗಿಲನ್ನು ಅಪ್ಪಿಕೊಂಡಿರುವ ಆ ಹಿತ್ತಾಳೆಯ ಬೀಗ ಮಕ್ಕಳಿಂದ, ಒದ್ದೆ ಬಟ್ಟೆಗಳಿಂದ, ಫೋನಿನಲ್ಲಿ ಪಿಸುಗುಡುವ ಯುವಕರಿಂದ ನಮ್ಮ ಆಕಾಶವನ್ನು ಕಾಪಾಡಿದೆ. ಆಮೇಲೆ ಅಲ್ಲಿ ಸೌರಫಲಕಗಳನ್ನು ಹಾಕಿಸಿದಿರಿ. ಅಂದಿನಿಂದ ಇಡೀ ಕಟ್ಟಡದ ಪಾಲಿನ ಬಿಸಿಲು ಆ ಗಾಜಿನ ಹಲಗೆಗಳಿಗೆ ಮೀಸಲಾಗಿ, ಒಂದು ಕಿರಣವೂ ಮನುಷ್ಯರ ಮೇಲೆ ಬಿದ್ದು ಪೋಲಾಗದಂತೆ ವ್ಯವಸ್ಥೆಯಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಟ್ಟಿದವರು ತಮ್ಮನ್ನು ಕಂಡಿದ್ದರೆ ಇನ್ನೊಂದು ಸಾಲು ಸೇರಿಸುತ್ತಿದ್ದರು.

ನನ್ನ ವಿಷಯ ತಮಗೆ ಗೊತ್ತಿರುವುದು ಅರ್ಧ. ಮಾರುಕಟ್ಟೆ ಕಟ್ಟಡದ ನೆಲಮಾಳಿಗೆಯಲ್ಲಿ, ಕೊಡೆ ರಿಪೇರಿಯವನ ಪಕ್ಕದಲ್ಲಿ, ಸಡಿಲಾದದ್ದನ್ನು ಬಿಗಿ ಮಾಡುವ, ಬಿಗಿಯಾದದ್ದನ್ನು ಬಿಡಿಸುವ ಪುಟ್ಟ ಅಂಗಡಿ ನನ್ನದು. ಅಲ್ಲಿ ಹಗಲೂ ಟ್ಯೂಬ್‌ಲೈಟು. ಮನೆಯ ಕಿಟಕಿ ತೆಗೆದರೆ ಎದುರು ಕಟ್ಟಡದ ಗೋಡೆ, ಕೈಚಾಚಿದರೆ ಅವರ ಕಿಟಕಿಯಲ್ಲಿ ಗುಂಡಿ ಹೊಲಿದು ಕೊಡಬಹುದಾದಷ್ಟು ಹತ್ತಿರ. ಹೀಗೆ ನೆರಳಲ್ಲೇ ಹಣ್ಣಾದವಳು ನಾನು. ಒಂದು ಮಧ್ಯಾಹ್ನ ಗಿರಾಕಿಯೊಬ್ಬರ ಕೋಟು ನನ್ನ ಅಳತೆಗೇ ಹೊಂದುತ್ತಿದ್ದುದರಿಂದ ತೊಟ್ಟು ನೋಡುತ್ತ, ಎದೆಯ ಹತ್ತಿರ ಗುಂಡುಸೂಜಿ ಚುಚ್ಚುವಾಗ ಬೆರಳಿಗೆ ಗಂಟೊಂದು ಸಿಕ್ಕಿತು. ಒಳಗಿನ ಹತ್ತಿ ಮುದ್ದೆಯಾಗಿದೆ ಎಂದುಕೊಂಡು ಕೋಟು ಕಳಚಿದೆ. ಕೋಟು ಹೋಯಿತು, ಗಂಟು ಉಳಿಯಿತು.

ಆಪರೇಷನ್ ಆಯಿತು, ರೇಡಿಯೇಷನ್ ಮುಗಿಯಿತು, ವರ್ಷಗಟ್ಟಲೆ ನುಂಗಬೇಕಾದ ಮಾತ್ರೆ ಶುರುವಾಯಿತು. ಆ ನಡುವೆ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತಳ ಮುಟ್ಟಿದೆ ಎಂದು ಬಂತು. ಈ ಸುದ್ದಿ ನನ್ನ ಅತ್ತಿಗೆಗೆ ಹೇಗೆ ತಲುಪಿತೋ, ಹಣ್ಣಿನ ಚೀಲ ಹಿಡಿದು ಬಂದವರು ಕೂರುವ ಮೊದಲೇ, "ನಾನ್ ಹೇಳ್ತಿರ್ಲಿಲ್ವಾ? ಬಿಸಿಲೇ ಕಾಣ್ದೆ ನೆಲಮಾಳಿಗೇಲಿ ಕೂತ್ರೆ ಇನ್ನೇನಾಗುತ್ತೆ? ಫೋನಲ್ಲಿ ಎಲ್ಲಾ ಬಂದಿದೆ. ನೀನೇ ತಂದ್ಕೊಂಡಿದ್ದು ಇದು," ಎಂದರು. ಪ್ರೀತಿಯಿಂದಲೇ ಅಂದರು, ಕಿತ್ತಳೆ ಸುಲಿದು ಬಾಯಿಗೂ ಇಟ್ಟರು. ಆದರೆ ಆಪರೇಷನ್ನಿನ ಗಾಯ ಒಣಗಿದ ಮೇಲೂ ಆ ಮಾತು ಹಸಿಯಾಗಿಯೇ ಇತ್ತು. ಹೊಲಿಗೆ ಯಂತ್ರದ ಮುಂದೆ ಕೂತಾಗಲೆಲ್ಲ, ಹೊಟ್ಟೆಪಾಡಿಗೆಂದು ಆರಿಸಿಕೊಂಡ ಈ ಕುರ್ಚಿಯೇ ನನ್ನನ್ನು ಕಚ್ಚಿತೇ ಎಂದು ಯೋಚಿಸುತ್ತಿದ್ದೆ.

ಕೊನೆಗೆ ಡಾಕ್ಟರಮ್ಮನನ್ನೇ ಕೇಳಿದೆ. ನನ್ನ ಮಗಳ ವಯಸ್ಸಿನವರು. ಪೆನ್ನು ಕೆಳಗಿಟ್ಟು, "ಹಾಗೆ ಹೇಳಕ್ಕಾಗಲ್ಲಮ್ಮ. ಈ ಕಾಯಿಲೆ ಬಂದವರಲ್ಲಿ ಡಿ ಕಡಿಮೆ ಇರೋದು ತುಂಬಾ ಸಲ ಕಾಣುತ್ತೆ, ನಿಜ. ಆದ್ರೆ ಅದರಿಂದಲೇ ಬಂತು ಅಂತ ಸಾಬೀತಾಗಿಲ್ಲ. ಕಾಯಿಲೆ ಆದವರು ಮನೆಯೊಳಗೇ ಇರ್ತಾರೆ, ಸರಿಯಾಗಿ ಊಟ ಮಾಡಲ್ಲ, ಅದಕ್ಕೂ ಕಡಿಮೆ ಆಗುತ್ತೆ. ಯಾವುದು ಮುಂದೆ, ಯಾವುದು ಹಿಂದೆ, ಹೇಳೋದು ಕಷ್ಟ," ಎಂದರು. "ಮತ್ತೆ ಡಿ ಯಾಕೆ?" ಎಂದೆ. "ನಿಮ್ಮ ಮೂಳೆಗೆ. ಈಗ ಕೊಡ್ತಿರೋ ಮಾತ್ರೆ ಮೂಳೆ ಸವೆಸುತ್ತೆ. ಡಿ ಮಾತ್ರೆ ತಪ್ಪಿಸ್ಬೇಡಿ, ಸ್ವಲ್ಪ ಬಿಸಿಲಲ್ಲೂ ಓಡಾಡಿ. ರೇಡಿಯೇಷನ್ ಕೊಟ್ಟ ಜಾಗ ಮಾತ್ರ ಮುಚ್ಕೊಂಡಿರಿ."

ಆ 'ಸ್ವಲ್ಪ ಬಿಸಿಲನ್ನು' ಹುಡುಕಿಕೊಂಡು ನಾನು ತಮ್ಮ ಬಾಗಿಲಿಗೆ ಬಂದದ್ದು ತಮಗೆ ನೆನಪಿರಬಹುದು. ಅರ್ಜಿ ಬರೆದು ಕೊಡಿ, ಕಾರಣ ಸ್ಪಷ್ಟವಾಗಿರಲಿ ಎಂದಿರಿ. ಕಾರಣ: ಬಿಸಿಲು, ಎಂದು ಬರೆದೆ. ಅದು ಕಾರಣವಲ್ಲ, ಹವಾಮಾನ ಎಂದು ತಿರುಗಿಸಿದಿರಿ. ಸೌರಫಲಕಗಳಿಗೆ ಮಾತ್ರ ಪ್ರವೇಶವಿದ್ದಲ್ಲಿ ನನ್ನನ್ನೂ ಮಧ್ಯಮ ಗಾತ್ರದ, ತಾನೇ ನಡೆದು ಹೋಗಿ ಬರುವ ಒಂದು ಫಲಕವೆಂದು ಪರಿಗಣಿಸಬೇಕಾಗಿ ಎರಡನೆಯ ಅರ್ಜಿಯಲ್ಲಿ ಕೋರಿದೆ. ಆಗ ತಾವು ಅದನ್ನು ಸಂಘದ ಸಭೆಯ ಮುಂದಿಟ್ಟಿರಿ.

ಆ ಸಭೆಯಲ್ಲಿ ಎಲ್ಲರೆದುರು ನಿಂತು ನನಗೇನಾಗಿದೆ ಎಂದು ಹೇಳಬೇಕಾಯಿತು. ಹೇಳಿದೆ. ಎರಡನೆಯ ಮಹಡಿಯ ಲೆಕ್ಕಪರಿಶೋಧಕರು ಫ್ಯಾನ್ ನೋಡಿದರು, ಅವರ ಸಹೋದರರು ನೆಲ ನೋಡಿದರು. ತಾವು ನಡಾವಳಿ ಬರೆಯುತ್ತಿದ್ದವರು ಕೆಮ್ಮಿ, ನೀರು ಕುಡಿದು, "ಮಹಿಳೆಯರಿಗೆ ಸಂಬಂಧಿಸಿದ ಅನಾರೋಗ್ಯ ಅಂತ ಹಾಕ್ಲಾ?" ಎಂದು ಮೆಲ್ಲಗೆ ಕೇಳಿದಿರಿ. "ಸ್ತನ ಕ್ಯಾನ್ಸರ್ ಅಂತ ಬರೀರಿ ಸಾರ್. ಚಿಕ್ಕ ಪದಗಳು, ಇರೋ ಜಾಗದಲ್ಲೇ ಹಿಡಿಸುತ್ತೆ," ಎಂದೆ. ತಾವು 'ಸ' ಬರೆದು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡೆ. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ಅಲ್ಲಿಯವರೆಗೆ ನಾನು ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ, ಎರಡು ಕಟ್ಟಡಗಳ ಸಂದಿನಿಂದ ಇಳಿಯುವ ಲಂಗೋಟಿಯಗಲದ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡೆ. ಆ ಬಿಸಿಲು ನಡೆದಂತೆ ನಾನೂ ಕುರ್ಚಿ ಎಳೆಯುತ್ತಿದ್ದೆ. ಎಳೆದೂ ಎಳೆದೂ ಒಂದು ದಿನ ತಮ್ಮ ಕಾರಿನ ಜಾಗಕ್ಕೇ ಬಂದು ಸೇರಿದೆ. ತಾವು ಹಾರ್ನ್ ಮಾಡಿದಿರಿ. "ಒಂದ್ನಿಮಿಷ ಸಾರ್, ಎಡಗೈ ಆಯ್ತು, ಬಲಗೈ ಬಾಕಿ," ಎಂದೆ. ಮರುದಿನವೇ ಸೂಚನಾ ಫಲಕದಲ್ಲಿ, ವಾಹನ ನಿಲುಗಡೆಯಲ್ಲಿ ವಾಹನೇತರ ವಸ್ತುಗಳನ್ನು ಇಡಬಾರದು ಎಂಬ ಸೂಚನೆ. ವಸ್ತುವೆಂದರೆ ಕುರ್ಚಿಯೋ ನಾನೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಇಂತಿರಲು ಒಂದು ಬೆಳಿಗ್ಗೆ ತಾರಸಿಯ ಬಾಗಿಲು ಹಾರುಹೊಡೆದಿತ್ತು. ಬೀಗವಿರಲಿಲ್ಲ. ಮೇಲೆ ಗುಡಿಸಿ, ತೊಳೆದು, ಕುರ್ಚಿಗಳನ್ನು ಹಾಕಿತ್ತು. ನನ್ನ ಅರ್ಜಿ ಗೆದ್ದಿತೆಂದು ನಾನು ಹಿಗ್ಗಿದೆ. ಆದರೆ ತಮ್ಮ ಕೃಪೆ ಬಾಗಿಲಿಗೇ ನಿಲ್ಲಲಿಲ್ಲ. 'ಬಿಸಿಲೇ ಮದ್ದು, ಬಿಸಿಲಿದ್ದಲ್ಲಿ ಕ್ಯಾನ್ಸರ್ ಇಲ್ಲ' ಎಂಬ ಸೂಚನೆ ಬಂತು. ಕಟ್ಟಡದ ಹೆಂಗಸರೆಲ್ಲ ದಿನವೂ ಮೇಲೆ ಬರತಕ್ಕದ್ದೆಂದಾಯಿತು. ಮೂರನೆಯ ಮಹಡಿಯ ಅಜ್ಜಿ ಕೊಡೆ ಹಿಡಿದು ಬಂದರೆ ತಾವೇ ಕೊಡೆ ಮಡಿಸಿ ಇಟ್ಟುಕೊಂಡಿರಿ. ಅವರ ಮೂಗು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೆ. ಕರುವಿಗೆ ಹೆಸರಿಟ್ಟು ಫಲಕದಲ್ಲಿ ಪ್ರಕಟಿಸುವವರನ್ನು ಕಂಡದ್ದು ಅದೇ ಮೊದಲು.

ತಮ್ಮ ಶ್ರೀಮತಿಯವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಒಮ್ಮೆ, ಉಳಿದವರು ಇಳಿದು ಹೋದ ಮೇಲೆ, ತೊಟ್ಟಿಯ ಕಡೆ ನೋಡುತ್ತಲೇ, "ನಿಮ್ಮದು ಮುಟ್ಟಿದ್ರೆ ನೋವಾಗ್ತಿತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ನಂದೂ ಆಗಲ್ಲ," ಎಂದರು.

ತಾರಸಿ ಏಕೆ ತೆರೆಯಿತೆಂದು ನನಗೆ ಗೊತ್ತಾದದ್ದು ಆಗ. ಗಂಟಿನ ವಿಷಯವನ್ನು ಅವರು ತಮಗೆ ಮೊದಲೇ ಹೇಳಿದ್ದರು. ತಾವು ಎದ್ದು ಹೋಗಿ, ಬಿಸಿಲಿನ ಮಹಿಮೆಯನ್ನು ಎಲ್ಲೋ ಅರ್ಧ ಓದಿ, ಬೆಳಗಾಗುವುದರೊಳಗೆ ಬೀಗ ತೆಗೆದಿದ್ದಿರಿ. ನನಗಾಗಿ ಅಲ್ಲ. ಮಾನ್ಯರೇ, ಅದಕ್ಕೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಕುರ್ಚಿಗಳನ್ನು ಒಬ್ಬರೇ ಹೊತ್ತು ತಂದು ಒರೆಸಿದ ಗಂಡಸಿನ ಹೆದರಿಕೆ ಎಷ್ಟಿರಬೇಕೆಂದು ನನ್ನ ಅಳತೆಪಟ್ಟಿಗೂ ನಿಲುಕಲಿಲ್ಲ.

ಆದರೂ ಅವರ ಕೈಹಿಡಿದು ನೇರ ತಮ್ಮ ಮನೆಗೆ ಇಳಿದೆ. "ಡಾಕ್ಟರಿಗೆ ತೋರಿಸ್ಬೇಕು," ಎಂದೆ. "ಇನ್ನೊಂದು ತಿಂಗಳು ಬಿಸಿಲಲ್ಲಿ ಕೂರ್ಲಿ, ನೋಡೋಣ. ಕರಗಬಹುದು," ಎಂದಿರಿ. "ಅದು ಬೆಣ್ಣೆ ಅಲ್ಲ ಸಾರ್." ತಾವು ಮೇಜಿನ ಮೇಲಿದ್ದ ಪತ್ರಿಕೆಯನ್ನು ಮಡಿಸಿದಿರಿ, ಬಿಡಿಸಿದಿರಿ, ಮತ್ತೆ ಮಡಿಸಿದಿರಿ. ಕೊನೆಗೆ ಮಾತಾಡಿದ್ದು ಅವರು. "ನಾಳೆ ನಾನು ಇವರ ಜೊತೆ ಹೋಗ್ತೀನಿ. ನೀವು ಬರೋದಾದ್ರೆ ಬನ್ನಿ. ಸುಮ್ನೆ ಹೆದರ್ಕೊಂಡು ನನ್ನ ಒಣಗಿಸ್ಬೇಡಿ," ಎಂದರು.

ತಾವು ಬಂದಿರಿ. ಶರಟಿನ ಗುಂಡಿಗಳು ಒಂದೊಂದು ತೂತು ಮೇಲಕ್ಕೆ ಹೋಗಿದ್ದವು. ನನ್ನ ಕಣ್ಣಿಗೆ ಮೊದಲು ಬೀಳುವುದು ಅದೇ. ಆಸ್ಪತ್ರೆಯಲ್ಲಿ ಚೀಟಿ ಕೊಡುವಾಕೆ ಯಾವ ವಿಭಾಗ ಎಂದಾಗ ನಾನು ಬಾಯಿ ತೆರೆಯುವ ಮೊದಲೇ ತಾವು, "ಸ್ತನ. ನನ್ನ ಹೆಂಡತಿಗೆ, ಸ್ತನದಲ್ಲಿ ಗಂಟು," ಎಂದಿರಿ. ಸಭೆಗಳಲ್ಲಿ ಮಾತಾಡಿ ಅಭ್ಯಾಸವಾದ ದನಿಯಾದ್ದರಿಂದ ಔಷಧದ ಅಂಗಡಿಯವರೆಗೆ ಕೇಳಿತು. ಯಾರೂ ಫ್ಯಾನ್ ನೋಡಲಿಲ್ಲ. ತಮ್ಮ ಶ್ರೀಮತಿಯವರು ತಮ್ಮನ್ನು ನೋಡಿದ ರೀತಿಯನ್ನು ಮಾತ್ರ ನಾನು ನೋಡಿಬಿಟ್ಟೆ.

ಸೂಜಿ ಪರೀಕ್ಷೆಯ ಫಲಿತಾಂಶ ಬಂದಾಗ ನಾವು ಮೂವರೂ ಇದ್ದೆವು. ಗಂಟು ಅದೇ ಜಾತಿಯದು. ಆದರೆ ಸಣ್ಣದು, ಕಂಕುಳಿಗೆ ಹಬ್ಬಿರಲಿಲ್ಲ. ಡಾಕ್ಟರಮ್ಮ ಮುಂದಿನ ದಾರಿಯನ್ನೆಲ್ಲ ವಿವರಿಸಿದ ಮೇಲೆ ತಾವು, "ಡಿ ಎಷ್ಟಿದೆ ಇವಳಿಗೆ?" ಎಂದು ಕೇಳಿದಿರಿ. "ಚೆನ್ನಾಗಿದೆ ಸಾರ್. ಇಲ್ಲಿ ಬರೋರಲ್ಲಿ ಇಷ್ಟು ಚೆನ್ನಾಗಿರೋದು ಅಪರೂಪ." ಇರಬೇಕಾದದ್ದೇ. ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಜೀವಮಾನವಿಡೀ ಶಾಲೆಯ ಮೈದಾನದಲ್ಲಿ ನಿಂತವರು, ನಿವೃತ್ತಿಯ ಮೇಲೂ ಬೆಳಗಿನ ನಡಿಗೆ ಬಿಡದವರು. "ಮತ್ತೆ ಯಾಕೆ ಬಂತು?" ಎಂದಿರಿ. ಡಾಕ್ಟರಮ್ಮ, "ಗೊತ್ತಿಲ್ಲ ಸಾರ್. ಗೊತ್ತಿದ್ದಿದ್ರೆ ಬರೋಕೆ ಮುಂಚೆನೇ ಹೇಳ್ತಿದ್ದೆ," ಎಂದರು.

ಆ 'ಗೊತ್ತಿಲ್ಲ' ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಎದೆಯ ಮೇಲಿಂದ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟ ಹಾಗಾಯಿತು. ಬಿಸಿಲಲ್ಲಿ ನಿಂತವರಿಗೂ ಬಂತು, ನೆರಳಲ್ಲಿ ಕೂತವಳಿಗೂ ಬಂತು. ಹಾಗಾದರೆ ನಾನೇ ತಂದುಕೊಂಡದ್ದಲ್ಲ. ಹಗುರವಾಯಿತೆಂದು ಸಂತೋಷಪಡುವಂತಿರಲಿಲ್ಲ, ಏಕೆಂದರೆ ನನ್ನನ್ನು ಹಗುರ ಮಾಡಿದ ತಮ್ಮ ಶ್ರೀಮತಿಯವರು ಪಕ್ಕದಲ್ಲೇ ಕೂತು ಗಂಡನ ಕೈ ಹಿಡಿದುಕೊಂಡಿದ್ದರು. ಆದ್ದರಿಂದ ಹೊರಗೆ ಹೋಗಿ ಎಲ್ಲರಿಗೂ ಚಹಾ ತಂದೆ.

ಈಗ ಅವರ ಆಪರೇಷನ್ ಮುಗಿದು ಚೇತರಿಸಿಕೊಳ್ಳುತ್ತಿದ್ದಾರೆ. ಹೀಗಿರುವಾಗ ನನ್ನ ಬೇಡಿಕೆಗಳನ್ನು ಸಲ್ಲಿಸಲು ಇದೇ ಸಕಾಲ. 'ಬಿಸಿಲಿದ್ದಲ್ಲಿ ಕ್ಯಾನ್ಸರ್ ಇಲ್ಲ' ಎಂಬ ಸೂಚನೆಯನ್ನು ತಾವು ಇನ್ನೂ ಕಿತ್ತಿಲ್ಲ; ನಿನ್ನೆ ತಾನೆ ನಾಲ್ಕನೆಯ ಮಹಡಿಯ ಸೊಸೆ ಅದನ್ನು ಓದಿ, "ಹಾಗಾದ್ರೆ ನಾನು ತೋರಿಸ್ಬೇಕಾಗಿಲ್ಲ ಅಲ್ವಾ ಆಂಟಿ?" ಎಂದು ನನ್ನನ್ನು ಕೇಳಿದ್ದರಿಂದಲೇ ಈ ಪತ್ರ. ದಯಮಾಡಿ ಅದನ್ನು ಕಿತ್ತು, ಗಂಟು ಸಿಕ್ಕರೆ ಡಾಕ್ಟರಿಗೆ ತೋರಿಸಿ, ಡಿ ಕಡಿಮೆಯಿದ್ದರೆ ಅವರು ಹೇಳಿದಷ್ಟು ತೆಗೆದುಕೊಳ್ಳಿ, ಬಿಸಿಲು ಹಿತವಾಗಿದ್ದರೆ ಕೂತುಕೊಳ್ಳಿ ಎಂದು, ಪೂರ್ತಿ ಪದಗಳಲ್ಲಿ, 'ಸ'ದ ಬಳಿ ನಿಲ್ಲಿಸದೆ ಬರೆಯತಕ್ಕದ್ದು. ಅಜ್ಜಿಯ ಕೊಡೆಯನ್ನು ಗೌರವಪೂರ್ವಕವಾಗಿ ಹಿಂದಿರುಗಿಸತಕ್ಕದ್ದು. ಎದುರು ಕಟ್ಟಡವು ಪ್ರತಿದಿನ ಬೆಳಿಗ್ಗೆ ತುಸು ಬಾಗಿ ನನ್ನ ಕಿಟಕಿಗೆ ದಾರಿ ಬಿಡುವಂತೆ ಅವರ ಕಾರ್ಯದರ್ಶಿಗೆ ಪತ್ರ ಬರೆಯತಕ್ಕದ್ದು. ತಮ್ಮ ಪತ್ರಕ್ಕೆ ಬಾಗದ ಕಟ್ಟಡವಿಲ್ಲ. ಕೊನೆಯದಾಗಿ, ಸಂಘದ ನಡಾವಳಿಯಲ್ಲಿ 'ಗೊತ್ತಿಲ್ಲ' ಎಂಬುದನ್ನು ಅಧಿಕೃತ ಉತ್ತರವೆಂದು ಅಂಗೀಕರಿಸಿ, ಅಗತ್ಯ ಬಿದ್ದಾಗ ಮೊದಲು ತಾವೇ ಅದನ್ನು ಬಳಸಿ ಉದ್ಘಾಟಿಸತಕ್ಕದ್ದು.

ತಮ್ಮ ಹಾರ್ನಿಗೆ ಈಗ ಹೆದರದ, ಆದರೂ ತಮ್ಮ ವಿಶ್ವಾಸಿಯೇ ಆದ,
ಮೊದಲನೆಯ ಮಹಡಿಯ ದರ್ಜಿ

ತಾ.ಕ.: ತಮ್ಮ ಶ್ರೀಮತಿಯವರಿಗೆ ಹೊಸ ಅಂಗಿಯೊಂದನ್ನು ಹೊಲಿದಿದ್ದೇನೆ. ಎಡಗಡೆ ಈಗ ಬೇರೆ ಅಳತೆಯಾದ್ದರಿಂದ ಮೂರು ಸಲ ಬಿಡಿಸಿ ಹೊಲಿದೆ. ಕೊನೆಗೆ ಚೆನ್ನಾಗಿ ಕೂತಿದೆ. ನಾಳೆ ಬೆಳಿಗ್ಗೆ ಅದನ್ನು ತೊಟ್ಟು ಅವರು ತಮ್ಮೆದುರು ಬಂದು ನಿಲ್ಲುತ್ತಾರೆ. ಆಗ ತಾವು ಪತ್ರಿಕೆ ಕೆಳಗಿಟ್ಟು, ಗೋಡೆಯನ್ನಲ್ಲ, ಅವರನ್ನೇ ನೋಡಿ, 'ಚೆನ್ನಾಗಿ ಕಾಣ್ತಿದ್ದೀಯ' ಎನ್ನತಕ್ಕದ್ದು. 'ಹೂಂ' ಎಂಬ ಉತ್ತರವನ್ನು ತಿರಸ್ಕರಿಸಲಾಗುವುದು. ಮುಂದಿನ ಸಭೆಗೆ ಮುಂದೂಡಲು ಅವಕಾಶವಿರುವುದಿಲ್ಲ.