ಕನ್ನಡಕದಲ್ಲಿ ಕಂಡ ಹಸಿರು ಸೀರೆ

ದೊಡ್ಡಬಸವರಾಜ ಬಳ್ಳಾರಿಯ ಬ್ರೂಸ್‌ಪೇಟೆಯ ಚಷ್ಮಾ ಅಂಗಡಿಗೆ ಹೋದದ್ದು ಓದುವ ಕನ್ನಡಕದ ಸಡಿಲಾದ ಕಡ್ಡಿಯನ್ನು ಬಿಗಿ ಮಾಡಿಸಲು. ಹೊರಗೆ ಬಂದದ್ದು ನವಿಲಿನ ಕತ್ತಿನಂತೆ ಹೊಳೆಯುವ ಕೂಲಿಂಗ್ ಗ್ಲಾಸ್ ಹಾಕಿಕೊಂಡು.

ಅದಕ್ಕೆ ಕಾರಣ ಅಂಗಡಿಯ ಗವಿಸಿದ್ದೇಶ. ಸ್ಕ್ರೂ ತಿರುಗಿಸುತ್ತಲೇ ಅವನು ಕನ್ನಡಿ ಗಾಜಿನ ವಂಶಾವಳಿ ಬಿಚ್ಚಿದ್ದ. ಮೊದಮೊದಲು ಬರುತ್ತಿದ್ದುದು ಅಚ್ಚ ಬೆಳ್ಳಿ ಬಣ್ಣದ್ದು. ಎರಡು ಬೇಸಿಗೆ ಕಳೆಯುವುದರೊಳಗೆ ಹಿತ್ತಾಳೆ ಪಾತ್ರೆಯ ಕಲಾಯಿಯಂತೆ ಅದರ ಲೇಪ ಎದ್ದು ಹೋಗುತ್ತಿತ್ತು. ಆಮೇಲೆ ಮೇಲರ್ಧ ಕನ್ನಡಿ, ಕೆಳಗರ್ಧ ತಿಳಿಗಾಜು ಇರುವುದು ಬಂತು. ಈಗ ಹೊಗೆಗಿಂತ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕೂರಿಸಿ ನೀಲಿ, ಹಸಿರು, ಕೆಂಡದ ಬಣ್ಣ ಬರಿಸುತ್ತಾರೆ. ಎಲ್ಲಕ್ಕೂ ಮೇಲೆ ಇನ್ನೊಂದು ಲೇಪ. ಅದರ ಮೇಲೆ ನೀರು ನಿಲ್ಲುವುದಿಲ್ಲ, ಬೆರಳಿನ ಗುರುತೂ ಉಳಿಯುವುದಿಲ್ಲ.

"ಹಳೇದ್ರಾಗ ಎದುರಿಗಿದ್ದೋರ ಮಕ ಮಸುಕು ಮಸುಕು ಕಾಣ್ತಿತ್ತು. ಇದ್ರಾಗ ಹಲ್ಲಿನ ಸಂದಿನೂ ಕಾಣ್ತೈತ್ರಿ," ಎಂದ ಗವಿಸಿದ್ದೇಶ. ದೊಡ್ಡಬಸವರಾಜ ಅಲ್ಲಿಗೆ ಸೋತ.

ಮರುದಿನ ಭಾನುವಾರ. ಹೆಂಡತಿ ಅಕ್ಷತಾಳ ದೊಡ್ಡಮ್ಮನ ಹೊಸ ಮನೆಯ ಗೃಹಪ್ರವೇಶ ಕುರುಗೋಡಿನಲ್ಲಿ. ಗೆಳೆಯ ಕರಿಬಸವ ನಡೆಸುತ್ತಿದ್ದ ಕ್ರಿಕೆಟ್ ಟೂರ್ನಿಯ ಫೈನಲ್ ಸಿರುಗುಪ್ಪದಲ್ಲಿ. ಬಳ್ಳಾರಿಯ ಖಾಸಗಿ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ದೊಡ್ಡಬಸವರಾಜ, ಪರೀಕ್ಷೆ ಕೆಲಸಕ್ಕೆ ಕರೆದಿದ್ದಾರೆಂದು ಮುಖ ಸಣ್ಣ ಮಾಡಿಕೊಂಡು ಹೇಳಿದ. ಅಕ್ಷತಾ ಪಕ್ಕದ ಮನೆಯ ಜಡೆಮ್ಮನನ್ನು ಜೊತೆ ಮಾಡಿಕೊಂಡು ಕುರುಗೋಡಿಗೆ ಹೋದಳು. ಅವರ ಆಟೋ ಮೂಲೆ ತಿರುಗುತ್ತಲೇ ಇವನು ಸಿರುಗುಪ್ಪ ಬಸ್ ಹತ್ತಿದ.

ಸಿರುಗುಪ್ಪ ಅಕ್ಷತಾಳ ತವರು. ಆದರೆ ಹೆದರಿಕೆಯಿರಲಿಲ್ಲ. ಅತ್ತೆ ಅಂಬಮ್ಮನಿಗೆ ಮೊಣಕಾಲು ನೋವು ಜೋರಾಗಿ, ಒಡಹುಟ್ಟಿದ ಅಕ್ಕನ ಗೃಹಪ್ರವೇಶಕ್ಕೂ ಬರಲಾರೆನೆಂದು ಹಾಸಿಗೆ ಹಿಡಿದಿದ್ದರು.

ಮೈದಾನ ಜಾತ್ರೆಯಾಗಿತ್ತು. ಸಿರುಗುಪ್ಪದವರ ಒಂದೊಂದು ಹೊಡೆತಕ್ಕೂ ಶಾಮಿಯಾನ ಹಾರಿಹೋಗುವಂಥ ಕೂಗು. ಮೂರು ಸಿಕ್ಸರ್ ಒಂದೇ ಓವರಿನಲ್ಲಿ ಬಿದ್ದಾಗ ದೊಡ್ಡಬಸವರಾಜನಿಗೆ ಮೈಮೇಲಿನ ಪರಿವೆ ಹೋಯಿತು. ಬೌಂಡರಿ ಗೆರೆಯ ಬಳಿ ನಿಂತು, ಹೊಸ ಗ್ಲಾಸ್ ಸರಿಮಾಡಿಕೊಂಡು, ಸೆಲ್ಫಿ ಹೊಡೆದ. ಜಾಣತನಕ್ಕೇನೂ ಕೊರತೆ ಮಾಡಲಿಲ್ಲ. ಬೆನ್ನ ಹಿಂದೆ ಬರೀ ಆಕಾಶ ಬರುವಂತೆ ನೋಡಿಕೊಂಡ. ಆಕಾಶ ಬಳ್ಳಾರಿಯದೂ ಅದೇ, ಸಿರುಗುಪ್ಪದ್ದೂ ಅದೇ. 'ಕಾಲೇಜಿನ ಮಾಳಿಗೆ ಮೇಲೆ, ಚಹಾದ ಬಿಡುವು' ಎಂದು ಬರೆದು ಹೆಂಡತಿಗೆ ಕಳಿಸಿದ.

ಕುರುಗೋಡಿನಲ್ಲಿ ಆ ಫೋಟೋ ಅಕ್ಷತಾಳ ಕೈಯಿಂದ ಜಡೆಮ್ಮನ ಕೈಗೆ ಹೋಯಿತು. ಜಡೆಮ್ಮ ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದಳು. ಮುಖ ಹಿಗ್ಗಿತು, ಕನ್ನಡಕ ಹಿಗ್ಗಿತು, ಕನ್ನಡಕದೊಳಗೆ ಒಂದು ಲೋಕವೇ ತೆರೆಯಿತು.

ಫೋನು ಬಂತು. "ಏನ್ರೀ, ಕಾಲೇಜ್ ಮಾಳಿಗಿ ಮ್ಯಾಲ ಸ್ಟಂಪ್ ನೆಟ್ಟು ಪರೀಕ್ಷಿ ಮಾಡಾಕತ್ತೀರೇನು?" ಎಂದಳು ಅಕ್ಷತಾ.

ದೊಡ್ಡಬಸವರಾಜ ತೊದಲಿದ. ಸುಳ್ಳು ಹೇಳಿ ಸಿರುಗುಪ್ಪಕ್ಕೆ ಮ್ಯಾಚ್ ನೋಡಲು ಬಂದದ್ದನ್ನು ಒಪ್ಪಿಕೊಂಡ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ.

"ಬಲಗಣ್ಣಿನ ಗ್ಲಾಸಿನ್ಯಾಗ ಹಸಿರು ಸೀರಿ ಉಟ್ಟು, ಕುರ್ಚಿ ಹತ್ತಿ ನಿಮಗ ಕೈ ಬೀಸಾಕತ್ತಾಳಲ್ಲ, ಅಕಿ ಯಾರು?"

ಅಂಥವಳು ಯಾರೂ ಇಲ್ಲವೆಂದು ಆಣೆ ಹಾಕಿದ. ಅಕ್ಷತಾ ಕೇಳಲಿಲ್ಲ, ಚಿಕ್ಕಪ್ಪನ ಕಾರಿನಲ್ಲಿ ಈಗಲೇ ಹೊರಟು ಬರುತ್ತೇನೆಂದು ಫೋನಿಟ್ಟಳು.

ಇನ್ನು ಉಳಿದದ್ದು ಒಂದೇ ದಾರಿ. ಆ ಹೆಂಗಸನ್ನು ಹುಡುಕಿ, ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎಂದು ಅವಳ ಬಾಯಿಂದಲೇ ಹೇಳಿಸುವುದು. ದೊಡ್ಡಬಸವರಾಜ ಶಾಮಿಯಾನಕ್ಕೆ ನುಗ್ಗಿದ. ಹಸಿರು ಸೀರೆಯವಳೊಬ್ಬಳಿಗೆ, ಸ್ವಲ್ಪ ಕುರ್ಚಿ ಹತ್ತಿ ಕೈ ಬೀಸಿ ತೋರಿಸುತ್ತೀರಾ ಎಂದು ಕೈ ಮುಗಿದು ಕೇಳಿದ. ಅವಳ ಗಂಡ ತೋಳೇರಿಸಿಕೊಂಡು ಎದ್ದ. ಇನ್ನೊಬ್ಬಳು ಕೇಳುವ ಮೊದಲೇ ಚಪ್ಪಲಿ ಕೈಗೆ ತೆಗೆದುಕೊಂಡಳು. ಮೂರನೆಯವಳ ಬಳಿ ತಲುಪುವಷ್ಟರಲ್ಲಿ ಟೂರ್ನಿಯ ಕಾರ್ಯಕರ್ತರು ಅವನ ಕಾಲರ್ ಹಿಡಿದು ಕರಿಬಸವನ ಮುಂದೆ ನಿಲ್ಲಿಸಿದರು.

ಕರಿಬಸವ ಕಾಲರ್ ಬಿಡಿಸಿದ. ದೊಡ್ಡಬಸವರಾಜ ಬೆವರೊರೆಸಿಕೊಂಡು ಗವಿಸಿದ್ದೇಶನಿಗೆ ಫೋನು ಹಚ್ಚಿ, ನಿನ್ನ ಗ್ಲಾಸಿನಲ್ಲಿ ಇಲ್ಲದ ಹೆಂಗಸು ಕಾಣುತ್ತಾಳೆಂದು ಬೈದ. ಗವಿಸಿದ್ದೇಶ ಬೇಸರಪಟ್ಟುಕೊಳ್ಳಲಿಲ್ಲ. ಬೆಳ್ಳಿ ಗಾಜಾಗಿದ್ದರೆ ಇದ್ದ ಬಣ್ಣವೇ ಕಾಣುತ್ತಿತ್ತು, ಇದು ನೀಲಿ ಲೇಪ, ಹಳದಿ ಇದರಲ್ಲಿ ಹಸಿರಾಗಿ ಕಾಣುತ್ತದೆ ಎಂದು ಹೆಮ್ಮೆಯಿಂದಲೇ ವಿವರಿಸಿದ.

ಹಾಗಾದರೆ ಹುಡುಕಬೇಕಾದ್ದು ಹಳದಿ ಸೀರೆ. ದೊಡ್ಡಬಸವರಾಜನಿಗೆ ಹೋದ ಜೀವ ಬಂತು. ಕರಿಬಸವ ಮೈಕ್ ಹಿಡಿದ. ಸುಮ್ಮನೆ ಕರೆದರೆ ಯಾರು ಬರುತ್ತಾರೆಂದು ಸ್ವಂತ ಬುದ್ಧಿ ಸೇರಿಸಿದ: "ಕುರ್ಚಿ ಹತ್ತಿ ನಿಂತು ನಮ್ಮ ಹುಡುಗರಿಗೆ ಹುರುಪು ತುಂಬಿದ ಹಳದಿ ಸೀರಿ ಅಕ್ಕಾರು ಎಲ್ಲಿದ್ರೂ ಸ್ಟೇಜಿಗೆ ಬರ್ರಿ. ನಿಮಗ ಬಹುಮಾನ ಐತಿ."

ಅದೇ ಹೊತ್ತಿಗೆ ಕಾರು ಬಂದು ನಿಂತಿತು. ಅಕ್ಷತಾ ಇಳಿದಳು, ಹಿಂದೆಯೇ ಜಡೆಮ್ಮ. ಇಬ್ಬರೂ ಸ್ಟೇಜಿನ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಳದಿ ಸೀರೆಯ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತ ಬಂದು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ, ಬಹುಮಾನಕ್ಕೆ ಕೈ ಚಾಚಿ ನಿಂತಳು.

"ಅವ್ವಾ?" ಎಂದಳು ಅಕ್ಷತಾ.

ಅಂಬಮ್ಮ ಮಗಳನ್ನು ನೋಡಿದರು. ಗ್ಲಾಸ್ ತೆಗೆದು ಬಾಯಿ ಬಿಟ್ಟು ನಿಂತಿದ್ದ ಅಳಿಯನನ್ನು ನೋಡಿದರು. ಚಾಚಿದ ಕೈ ಮೆಲ್ಲಗೆ ಇಳಿದು ಮೊಣಕಾಲಿನ ಮೇಲೆ ಕೂತಿತು. ಮುಖ ಬಾಡಿತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ಏನ್ ಮಾಡ್ಲೇ ತಾಯಿ. ಅಳಿಯಂದ್ರು ನಿನಗ ಸುಳ್ಳು ಹೇಳಿ ಇಲ್ಲಿ ಬಂದಾರಂತ ಸುದ್ದಿ ಬಂತು. ಕಾಲು ಹೋದ್ರ ಹೋಗ್ಲಿ, ಮಗಳ ಸಂಸಾರ ಮುಖ್ಯ ಅಂತ ಎದ್ದು ಬಂದೆ. ಕುರ್ಚಿ ಹತ್ತಿ ಹುಡುಕೀನಿ, ಕೈ ಬೀಸಿ ಕರದೀನಿ. ತಿರುಗಿ ನೋಡ್ಲಿಲ್ಲ ಪುಣ್ಯಾತ್ಮ."

ಅಕ್ಷತಾಳ ಕಣ್ಣು ತುಂಬಿತು. ಜಡೆಮ್ಮ ಅಂಬಮ್ಮನ ಕಾಲು ಒತ್ತುತ್ತ, ಇಂಥ ಅತ್ತೆಯನ್ನು ಪಡೆಯಲು ಪುಣ್ಯ ಬೇಕೆಂದಳು. ಕರಿಬಸವನೂ ಗೆಳೆಯನತ್ತ ಅಸಹ್ಯದಿಂದ ನೋಡಿ, ಅಂಬಮ್ಮನಿಗೆ ಶಾಲು ಹೊದಿಸಿದ. ಚಪ್ಪಾಳೆ ಬಿತ್ತು.

ಓಡಿ ಬಂದ ಅತ್ತೆಯನ್ನು ಅಲ್ಲಿಂದ ಕಾರಿನವರೆಗೆ ಅವನೇ ಎತ್ತಿಕೊಂಡು ಹೋಗಬೇಕೆಂದು ತೀರ್ಮಾನವಾಯಿತು. ಆಮೇಲೆ ಕುರುಗೋಡಿಗೆ ಹೋಗಿ ಕಡೇ ಪಂಕ್ತಿಯವರೆಗೂ ಬಡಿಸಬೇಕು. ಬೆನ್ನ ಹಿಂದೆ ಮೈದಾನದಲ್ಲಿ ಭಾರೀ ಕೂಗೆದ್ದಿತು. ಏದುಸಿರು ಬಿಡುತ್ತ ನಡೆಯುತ್ತಿದ್ದ ದೊಡ್ಡಬಸವರಾಜನಿಗೆ ತಿರುಗಿ ನೋಡಲೂ ಆಗಲಿಲ್ಲ.

ಭುಜದ ಮೇಲಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ ಅಂಬಮ್ಮ ಅವನ ಕಿವಿಯಲ್ಲಿ ಪಿಸುಗುಟ್ಟಿದರು: "ಸ್ವಲ್ಪ ಸಾವಕಾಶ ನಡೀರಿ, ಅಳಿಯಂದ್ರ. ಇನ್ನ ಒಂದ ಓವರ್ ಐತಿ."