ಬಿದ್ದ ಮರದ ಎದುರು ಮನೆ

ಸೇಂಟ್ ಅಂಬ್ರೋಸ್ ದ್ವೀಪರಾಷ್ಟ್ರದ ಮೋರ್ನ್ ಬ್ಲಾಂಕ್ ಎಂಬ ಊರಿನ ತಿರುವಿನಲ್ಲಿದ್ದ ದೀವಿಹಲಸಿನ ಮರವು ಹನ್ನೊಂದು ವರ್ಷಗಳ ಹಿಂದಿನ ಚಂಡಮಾರುತದಲ್ಲಿ ಬುಡಸಮೇತ ಉರುಳಿಬಿದ್ದು, ಅಂದಿನಿಂದ ಇಂದಿನವರೆಗೂ ಅಲ್ಲಿಯೇ ನಿಂತಿದೆ. ಈ ಬಗ್ಗೆ ಊರಿನವರಿಗಾಗಲಿ ಸರ್ಕಾರಕ್ಕಾಗಲಿ ಯಾವ ಗೊಂದಲವೂ ಇರಲಿಲ್ಲ. ವ್ಯಾನುಗಳು ಮರದ ಹತ್ತಿರ ನಿಲ್ಲುತ್ತಿದ್ದವು. ಜನ ಮರದ ಕೆಳಗೆ, ಸುಡುಬಿಸಿಲಲ್ಲಿ ಬೆವರೊರೆಸಿಕೊಳ್ಳುತ್ತ, ವ್ಯಾನಿಗೆ ಕಾಯುತ್ತಿದ್ದರು.

ಗೊಂದಲ ತಂದವಳು ಯೂಡೋರಾ ಪ್ರಾಸ್ಪರ್. ಮೂವತ್ತನಾಲ್ಕು ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ನರ್ಸ್ ಆಗಿದ್ದು, ಎರಡೂ ಮೊಣಕಾಲುಗಳನ್ನು ಆ ದೇಶದ ಸೇವೆಯಲ್ಲಿ ಸವೆಸಿ, ತಾಯಿಯ ಮನೆಗೆ ಮರಳಿದ್ದಳು. ಮನೆಯೇನೋ ಚೆನ್ನಾಗಿತ್ತು, ನಲ್ಲಿಯೊಂದಿರಲಿಲ್ಲ. ಅರ್ಧ ಮೈಲಿ ಇಳಿಜಾರಿನ ಕೆಳಗಿದ್ದ ಬೀದಿನಲ್ಲಿಯಿಂದ ದಿನಕ್ಕೆ ನಾಲ್ಕು ಬಕೆಟ್ ಹೊರಬೇಕು. ಮೊಣಕಾಲುಗಳು ಎರಡಕ್ಕೆ ಮಾತ್ರ ಒಪ್ಪುತ್ತಿದ್ದವು.

‘ನೆಲೆಸಬರುವವರಿಗೆ ಉಪಯುಕ್ತ ಸಲಹೆಗಳು’ ಎಂಬ ಸರ್ಕಾರಿ ಕಿರುಹೊತ್ತಿಗೆಯನ್ನು ಕೈಚೀಲದಲ್ಲಿಟ್ಟುಕೊಂಡು ಅವಳು ನೀರಿನ ಕಚೇರಿಗೆ ಹೋದಳು.

“ನಲ್ಲಿ ಸಂಪರ್ಕದ ಅರ್ಜಿ ಎಲ್ಲಿ ಕೊಡ್ತಾರೆ?”

ಗುಮಾಸ್ತ ಕತ್ಬರ್ಟ್ ತಲೆ ಎತ್ತಲಿಲ್ಲ. ಮತ್ತೆ ಕೇಳಿದಳು. ಆಗಲೂ ಎತ್ತಲಿಲ್ಲ. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬಳು ಪಿಸುಗುಟ್ಟಿದಳು: “ಗುಡ್ ಮಾರ್ನಿಂಗ್ ಹೇಳ್ದೆ ಒಳಗೆ ಬಂದ್ಯಲ್ಲೇ ತಾಯಿ! ಲೆಕ್ಕಕ್ಕೆ ನೀನಿನ್ನೂ ಬಂದೇ ಇಲ್ಲ.”

ಇದು ಕಿರುಹೊತ್ತಿಗೆಯ ಒಂದನೆಯ ಸಲಹೆಯೇ ಆಗಿತ್ತು. ಯೂಡೋರಾ ಹೊರಗೆ ಹೋದಳು, ಮರಳಿ ಬಂದಳು, ಇಡೀ ಕೋಣೆಗೆ ಗುಡ್ ಮಾರ್ನಿಂಗ್ ಅಂದಳು. ಇಡೀ ಕೋಣೆ ಉತ್ತರ ಕೊಟ್ಟಿತು. ಕತ್ಬರ್ಟನ ಮುಖ ಅರಳಿತು.

“ಓಹೋ, ಮಿಸ್ ಯೂಡೋರಾ! ಯಾವಾಗ ಬಂದ್ರಿ?”

“ಈಗ ತಾನೇ.”

ವಿಳಾಸದ ಸಾಲಿನಲ್ಲಿ ಅವಳು ಬರೆದಳು: ದೀವಿಹಲಸಿನ ಮರದ ಎದುರು, ನೀಲಿ ಮನೆ.

ಮುಂದಿನ ವಾರ ಪರಿವೀಕ್ಷಕ ಬಂದ. ಅವಳ ಜಗಲಿಯಲ್ಲಿ ಕೂತು, ಅವಳು ಹೊತ್ತು ತಂದ ನೀರಿನಲ್ಲಿ ಮಾಡಿದ ಶುಂಠಿ ಪಾನಕ ಎರಡು ಲೋಟ ಕುಡಿದು, ವರದಿ ಬರೆದ: “ಸ್ಥಳ ಪರಿಶೀಲಿಸಲಾಗಿ ಮರ ಕಂಡುಬಂದಿರುವುದಿಲ್ಲ. ಮರವೇ ಇಲ್ಲದಿರುವಾಗ ಅದರ ಎದುರಿನ ಮನೆ ಇರಲು ಆಸ್ಪದವಿಲ್ಲ.”

“ಮತ್ತೆ ನೀನು ಕೂತಿರೋದೆಲ್ಲಿ?”

“ನಿಮ್ಮನೇಲೇ ಅಕ್ಕಾ. ಪಾನಕ ಬಹಳ ಚೆನ್ನಾಗಿತ್ತು. ಆದ್ರೆ ಅದು ಬೇರೆ ವಿಷಯ.”

ಯೂಡೋರಾ ಮತ್ತೆ ಕಚೇರಿಗೆ ಹೋಗಿ, ಮೊದಲು ಗುಡ್ ಮಾರ್ನಿಂಗ್ ಹೇಳಿ, ಆಮೇಲೆ ಸಿಟ್ಟಾದಳು. “ಚರ್ಚಿನ ಮೇಲ್ಗಡೆ ಮನೆ ಅಂತ ಬರ್ಕೊಳ್ಳಿ.”

“ವಿಳಾಸ ಬದಲಾಯಿಸೋಕೆ ಹೊಸ ವಿಳಾಸದ ನೀರಿನ ಬಿಲ್ ಬೇಕಲ್ಲ?”

“ಹಾಗಾದ್ರೆ ಮರ ಸತ್ತಿದೆ ಅಂತ ಬರ್ಕೊಳ್ಳಿ!”

“ಧಾರಾಳವಾಗಿ. ಹೆಣ ಎಲ್ಲಿ?”

ಅವಳನ್ನು ಕರೆತಂದಿದ್ದ ವ್ಯಾನಿನ ಚಾಲಕ ಬೋಬೊ ಬಾಗಿಲಿಂದಲೇ ಕೂಗಿದ: “ಗುಡ್ ಮಾರ್ನಿಂಗ್! ಇದ್ದಿಲು ಮಾಡ್ಬಿಟ್ವಲ್ಲ ಸಾರ್! ಅದೇ ಮರದ ಕಾಯನ್ನ ಅದೇ ಮರದ ಇದ್ದಿಲಲ್ಲಿ ಸುಟ್ಟು ಊರೆಲ್ಲ ತಿಂತು. ನೀವೂ ಬಂದಿದ್ರಿ!”

ಕತ್ಬರ್ಟ್ ಕ್ಷಣಕಾಲ ಕಣ್ಣು ಮುಚ್ಚಿದ. ಆಮೇಲೆ ಕಡತದಲ್ಲಿ ಬರೆದ: “ರುಚಿಯಾಗಿತ್ತು.”

ಮೂರು ತಿಂಗಳ ನಂತರ ಪ್ರಕಟಣೆ ಹೊರಬಿತ್ತು. “ಅರವತ್ತೊಂದು ಮನೆ, ಎರಡು ಚರ್ಚು ಹಾಗೂ ಒಂದು ಪೊಲೀಸ್ ಠಾಣೆ ಸದರಿ ಮರವನ್ನೇ ಆಧರಿಸಿ ನೆಲೆಗೊಂಡಿರುವುದರಿಂದ, ಮರದ ಗೈರುಹಾಜರಿಯನ್ನು ಈ ಮೂಲಕ ರದ್ದುಪಡಿಸಲಾಗಿದೆ.” ತಿರುವಿನಲ್ಲಿ ಕಂಬ ನೆಟ್ಟು ‘ದೀವಿಹಲಸಿನ ಮರ’ ಎಂಬ ಫಲಕ ಹಾಕಿದರು. ಮಂತ್ರಿಗಳು ರಿಬ್ಬನ್ ಕತ್ತರಿಸಿದರು. ಗಣ್ಯರ ಕುರ್ಚಿಗಳನ್ನು ಮರದ ನೆರಳಿನಲ್ಲಿ ಹಾಕಿದ್ದರಿಂದ ಇಬ್ಬರು ಗಣ್ಯರು ಬಿಸಿಲಿಗೆ ತಲೆಸುತ್ತಿ ಬಿದ್ದರು. ಅವರನ್ನು ಉಪಚರಿಸಿದವಳು ಯೂಡೋರಾ.

ಸರ್ಕಾರಿ ಮರಗಳಿಗೆ ನೀರುಣಿಸತಕ್ಕದ್ದು ಎಂಬ ನಿಯಮವಿದ್ದ ಕಾರಣ ಫಲಕದ ಬುಡಕ್ಕೊಂದು ನಲ್ಲಿಯೂ ಬಂತು.

“ನನ್ನ ಅರ್ಜಿ ಏನಾಯ್ತಪ್ಪ?” ಎಂದು ಅವಳು ಕತ್ಬರ್ಟನನ್ನು ಕೇಳಿದಳು.

“ಒಂದು ತಿರುವಿಗೆ ಒಂದೇ ನಲ್ಲಿ, ಮಿಸ್ ಯೂಡೋರಾ. ಮರಕ್ಕೆ ಮಂಜೂರಾಗಿಬಿಟ್ಟಿದೆ.”

ಯೂಡೋರಾ ನಲ್ಲಿಯನ್ನು ನೋಡಿದಳು, ಮನೆಯನ್ನು ನೋಡಿದಳು. ನಲವತ್ತು ಹೆಜ್ಜೆ, ಸಮತಟ್ಟು. ಮೊಣಕಾಲುಗಳನ್ನು ವಿಚಾರಿಸಿದಳು. ನಾಲ್ಕು ಬಕೆಟ್‌ಗೂ ಒಪ್ಪಿದವು. “ದೇವರು ಮರವನ್ನ ಚೆನ್ನಾಗಿಟ್ಟಿರಲಿ,” ಅಂದಳು.

ಒಂದು ದಿನ ಹನ್ನೊಂದರ ಬಿಸಿಲಲ್ಲಿ ಅವಳು ನೀರು ಹಿಡಿಯುತ್ತಿದ್ದಾಗ, ಕೈಯಲ್ಲಿ ಅದೇ ಕಿರುಹೊತ್ತಿಗೆ ಹಿಡಿದ ಹೊಸಬನೊಬ್ಬ ಪೆಟ್ಟಿಗೆ ಎಳೆಯುತ್ತ ಬಂದ.

“ದೀವಿಹಲಸಿನ ಮರ ಎಲ್ಲಿ ಬರುತ್ತೆ?”

ಯೂಡೋರಾ ತಲೆ ಎತ್ತಲಿಲ್ಲ. ಮತ್ತೆ ಕೇಳಿದ. ಆಗಲೂ ಎತ್ತಲಿಲ್ಲ. ವ್ಯಾನಿನ ಕಿಟಕಿಯಿಂದ ಬೋಬೊ ಏನೋ ಪಿಸುಗುಟ್ಟಿದ. ಹೊಸಬ ತಿರುವಿನ ಆಚೆಗೆ ಹೋಗಿ ಮರಳಿ ಬಂದು, “ಗುಡ್ ಮಾರ್ನಿಂಗ್,” ಅಂದ.

“ಗುಡ್ ಮಾರ್ನಿಂಗ್ ಮಗಾ,” ಎಂದು ಯೂಡೋರಾ ಬಾಯ್ತುಂಬ ನಕ್ಕಳು. “ಅದರ ಕೆಳಗೇ ನಿಂತಿದ್ದೀಯಲ್ಲೋ. ಸ್ವಲ್ಪ ಈ ಕಡೆ ಸರಿ, ನೆರಳು ಇಲ್ಲಿ ಚೆನ್ನಾಗಿದೆ.”

ಅವನು ಸರಿದು ನಿಂತು, ಬೆವರೊರೆಸಿಕೊಂಡ.