ಶೇಂಗಾ ಸಿಪ್ಪೆಯ ಕೇಸು

ಗುರುಕಿರಣನ ಬದುಕು ಹಾಳಾದದ್ದು ಅವನ ತಾಯಿಯ ಹೆಬ್ಬೆರಳಿನಿಂದ. ಆ ಹೆಬ್ಬೆರಳು ಮೂರು ವಾರದ ಹಿಂದೆ ಅವನ ಅರ್ಜಿಯ ಪತ್ರವನ್ನು 'ಮಿಲ್ಪಿಟಾಸ್ ಕನ್ನಡ ಬಂಧುಗಳು' ಎಂಬ ವಾಟ್ಸಾಪ್ ಗುಂಪಿಗೆ ಹಾಕಿತ್ತು. ಗುಂಪಿನಲ್ಲಿ ಇನ್ನೂರ ಹನ್ನೆರಡು ಬಂಧುಗಳು. ಪತ್ರದ ಕೆಳಗೆ ಉಮಾಶ್ರೀ ಬರೆದಿದ್ದರು: 'ನನ್ನ ಮಗ ಬರೆದದ್ದು. ಎಲ್ಲರೂ ಓದಿ ಆಶೀರ್ವಾದ ಮಾಡಿ.' ಎಲ್ಲರೂ ಓದಿದರು. ಆಶೀರ್ವಾದ ಮಾಡಿದವರೆಷ್ಟು, ನಕಲು ಮಾಡಿಕೊಂಡವರೆಷ್ಟು ಎಂಬುದು ಗುರುಕಿರಣನಿಗೆ ತಿಳಿದದ್ದು ಈ ಶುಕ್ರವಾರ.

ಅವನಿಗೆ ಇಪ್ಪತ್ತೊಂಬತ್ತು ವರ್ಷ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಐದು ವರ್ಷ ಇಲಿಗಳಿಗೆ ಸೂಜಿ ಚುಚ್ಚಿ ಚುಚ್ಚಿ ಬೇಸತ್ತು, ಲಾ ಕಾಲೇಜು ಸೇರಿದ್ದ. ಆದರೆ ಅಮೆರಿಕದಲ್ಲಿ ಬರೀ ಲಾ ಓದಿದರೆ ಕೆಲಸ ಸಿಗುವುದಿಲ್ಲ. ಕಂಪನಿಗಳ ವ್ಯವಹಾರ ನೋಡುವ ದೊಡ್ಡ ಫರ್ಮುಗಳು ಬೇಸಿಗೆ ರಜೆಯಲ್ಲಿ ಹತ್ತು ವಾರ ಹುಡುಗರನ್ನು ಇಟ್ಟುಕೊಂಡು ನೋಡುತ್ತವೆ. ಆ ಹತ್ತು ವಾರ ಸಿಕ್ಕವರಿಗೆ ಮುಂದೆ ಕಾಯಂ ಕೆಲಸ. ಸಿಗದವರು ಕಪ್ಪು ಕೋಟನ್ನು ಬೀರುವಿನಲ್ಲಿಟ್ಟು ನುಸಿ ಗುಳಿಗೆ ಹಾಕಬಹುದು. ಗುರುಕಿರಣ ನಲವತ್ತಮೂರು ಫರ್ಮುಗಳಿಗೆ ಅರ್ಜಿ ಹಾಕಿದ್ದ. ನಲವತ್ತೆರಡು ಫರ್ಮುಗಳು ಅವನ ಆಸಕ್ತಿಗೆ ಧನ್ಯವಾದ ಹೇಳಿ ಕೈಬಿಟ್ಟಿದ್ದವು. ಉಳಿದ ಒಂದು, ಹಾಲ್‌ಬ್ರುಕ್ ಪೈನ್ ಎಂಬುದು, ಇವತ್ತು ಮಧ್ಯಾಹ್ನ ಎರಡಕ್ಕೆ ಇಂಟರ್ವ್ಯೂಗೆ ಕರೆದಿತ್ತು.

ಅವನ ತಂದೆ ಬಸವಂತಪ್ಪನವರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಅವರು ಲ್ಯಾಬಿನ ಹಳೆಯ ಬಾಸ್‌ಗೆ ತಾವೇ ಫೋನು ಮಾಡಿ, ಮಗನ ಜಾಗವನ್ನು ಮತ್ತೆ ಬೇಡಿ ಇಟ್ಟಿದ್ದರು. ಬಾಸ್ ಒಳ್ಳೆಯವನು. ಬರುತ್ತೀಯೋ ಇಲ್ಲವೋ, ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಹೇಳು ಎಂದಿದ್ದ.

ಇನ್ನು ಆ ಪತ್ರ. 'ನೀವು ಕಾನೂನನ್ನು ಯಾಕೆ ಆರಿಸಿಕೊಂಡಿರಿ' ಎಂದು ಫರ್ಮು ಕೇಳಿತ್ತು. ಗುರುಕಿರಣ ತನ್ನ ಅಜ್ಜಿ ಚನ್ನಬಸವ್ವನ ಬಗ್ಗೆ ಬರೆದಿದ್ದ. ಗದಗಿನಲ್ಲಿ ಅಜ್ಜಿಯ ಹಿತ್ತಲನ್ನು ಯಾರೋ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಅಜ್ಜಿ ಹನ್ನೊಂದು ವರ್ಷ ಪ್ರತಿ ಸೋಮವಾರ ತಹಶೀಲ್ದಾರ್ ಕಚೇರಿಯ ಬಾಗಿಲಲ್ಲಿ ಕೂತು ಶೇಂಗಾ ಸುಲಿದರು. ಸಿಪ್ಪೆ ಗುಡಿಸಿ ಗುಡಿಸಿ ಸಾಕಾದ ಜವಾನ ಒಂದು ದಿನ ಪೊರಕೆ ಎಸೆದು, 'ಈ ಮುದುಕಿಯ ಫೈಲು ಮುಗಿಸದಿದ್ದರೆ ನಾನು ಕೆಲಸ ಬಿಡುತ್ತೇನೆ' ಎಂದ. ಆ ವಾರವೇ ಹಿತ್ತಲು ವಾಪಸು ಬಂತು. ಐದು ವರ್ಷದವನಿದ್ದಾಗ ಅಜ್ಜಿಯ ತೊಡೆಯ ಮೇಲೆ ಕೂತು ಕೇಳಿದ ಕತೆ. ಬರೆಯುವಾಗ ಗುರುಕಿರಣನಿಗೆ ಕಣ್ಣು ತುಂಬಿ ಬಂದಿತ್ತು.

ಬೆಳಿಗ್ಗೆ ಹನ್ನೊಂದಕ್ಕೆ ಪಕ್ಕದ ಟೌನ್‌ಹೌಸಿನ ಶಿವಪ್ರಕಾಶ್ ಬಾಗಿಲು ತಟ್ಟಿದರು. ಇವರೂ ಗದಗಿನವರೇ, ಚನ್ನಬಸವ್ವನ ಓಣಿಯವರೇ. ಆದರೆ ಹತ್ತನೇ ವಯಸ್ಸಿಗೇ ಬೆಂಗಳೂರಿನ ಹಾಸ್ಟೆಲು ಸೇರಿ ಮಾತು ಬದಲಾಯಿಸಿಕೊಂಡಿದ್ದರು. ಅವರ ಮಗಳು ಲಾಸ್ಯಾ ಗುರುಕಿರಣನ ಕ್ಲಾಸಿನಲ್ಲೇ ಓದುತ್ತಿದ್ದಳು.

"ಟೈ ಸೊಟ್ಟಗಿದೆ ಕಣಪ್ಪ," ಎಂದು ಅವರು ತಾವೇ ಸರಿಮಾಡಿದರು. "ಲ್ಯಾಬಿಗೆ ಏನ್ ಹೇಳ್ದೆ?"

"ಇನ್ನೂ ಹೇಳಿಲ್ಲ ಅಂಕಲ್. ಹೂಂ ಅಂತ ಹೇಳಿ ಇಟ್ಕೊಂಡಿರೋಣ ಅಂತ. ಇದು ಸಿಕ್ಕಿದ್ರೆ ಆಮೇಲೆ ಬಿಡಬಹುದು."

"ಅದೇ ತಪ್ಪು ಮಾಡ್ತಿರೋದು ನೀನು. ಹಿಂದೆ ಇನ್ನೊಂದು ಕೆಲಸ ಇದೆ ಅಂತ ಮನಸ್ಸಲ್ಲಿದ್ರೆ ಮುಖದಲ್ಲಿ ಗೊತ್ತಾಗತ್ತೆ. ಇಂಟರ್ವ್ಯೂ ಮಾಡೋರು ಅದನ್ನೇ ನೋಡೋದು. ಹಸಿವು ಕಾಣ್ಬೇಕು ಮುಖದಲ್ಲಿ."

"ಅವ್ರು ಹೇಳೋದು ಖರೇ ಐತಿ," ಎಂದರು ಅಡುಗೆಮನೆಯಿಂದ ಉಮಾಶ್ರೀ. ಬಸವಂತಪ್ಪನವರು ಮಹಡಿಯ ಮೇಲೆ ಆಫೀಸಿನ ಮೀಟಿಂಗಿನಲ್ಲಿದ್ದರು. ಅವರು ಕೆಳಗಿಳಿದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಶಿವಪ್ರಕಾಶ್ ಹೆಗಲ ಮೇಲಿಂದ ಇಣುಕುತ್ತಿದ್ದಂತೆಯೇ ಗುರುಕಿರಣ ಲ್ಯಾಬಿಗೆ ಇಮೇಲು ಬರೆದ. 'ಕ್ಷಮಿಸಿ, ಬರಲಾಗುವುದಿಲ್ಲ.' ಕಳಿಸುವ ಗುಂಡಿ ಒತ್ತಿದ್ದು ಕೂಡ ಶಿವಪ್ರಕಾಶರೇ. "ಒಳ್ಳೆ ಕೆಲಸಕ್ಕೆ ತಡ ಮಾಡ್ಬಾರ್ದು," ಎಂದರು.

ಅವನು ರೈಲಿಗೆ ಹೊರಟಾಗ ಚನ್ನಬಸವ್ವ ಬಾಗಿಲಿಗೆ ಬಂದು ಹಣೆಗೆ ವಿಭೂತಿ ಹಚ್ಚಿದರು. ಹೋದ ತಿಂಗಳಷ್ಟೇ ಗದಗಿನಿಂದ ಬಂದಿದ್ದ ಅವರಿಗೆ ಎಂಬತ್ತೊಂದು ವರ್ಷ. "ಹೋಗಿ ಬಾ, ನನ್ನ ವಕೀಲ," ಎಂದರು. ತಮ್ಮ ಬಗ್ಗೆ ಮೊಮ್ಮಗ ಏನು ಬರೆದಿದ್ದಾನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದನ್ನು ಅಜ್ಜಿಗೆ ಹೇಳುವುದೇನು ಎಂದು ಎಲ್ಲರೂ ಸುಮ್ಮನಿದ್ದರು.

ರೈಲು ಫ್ರೀಮಾಂಟ್ ದಾಟುವಾಗ ಫೋನಿಗೆ ಮೆಸೇಜು ಬಂತು. ವಾಟ್ಸಾಪ್ ಗುಂಪಿನಲ್ಲಿದ್ದ, ಲಾ ಓದುತ್ತಿದ್ದ ಅನುರಾಗ್ ಎಂಬ ಹುಡುಗ. 'ಬ್ರೋ, ಗ್ರೂಪಲ್ಲಿ ಬಂದ ನಿಮ್ಮ ಲೆಟರಿಗೆ ಥ್ಯಾಂಕ್ಸ್. ನಾನೂ ಅದನ್ನೇ ಹಾಕಿದೆ. ಶೇಂಗಾ ತೆಗೆದು ಪಿಸ್ತಾ ಮಾಡಿದೀನಿ, ಸ್ವಲ್ಪ ಕ್ಲಾಸ್ ಇರುತ್ತೆ.'

ಗುರುಕಿರಣ ಎರಡು ಸಲ ಓದಿದ. 'ಯಾವ ಫರ್ಮಿಗೆ' ಎಂದು ಕೇಳಿದ. 'ಎಲ್ಲದಕ್ಕೂ' ಎಂದು ಉತ್ತರ ಬಂತು. ತಕ್ಷಣ ಅಮ್ಮನಿಗೆ ಫೋನು ಮಾಡಿದ.

"ಅಮ್ಮ, ನನ್ನ ಲೆಟರ್ ಗ್ರೂಪಿಗೆ ಹಾಕಿದ್ಯಾ?"

"ಹೂಂ ಮತ್ತ. ನಿನ್ನ ಹೆಸರು ನಾಕ ಮಂದಿಗೆ ಗೊತ್ತಾಗ್ಲಿ ಅಂತ ಹಾಕಿದ್ನೋ. ಎಷ್ಟ ಮಂದಿ ಕೈ ಮುಗದಾರ ಗೊತ್ತೇನು?"

ಫರ್ಮಿನ ಆಫೀಸು ಮೂವತ್ತನೇ ಮಹಡಿಯಲ್ಲಿತ್ತು. ಎದುರಿಗೆ ಕೂತ ಹಿರಿಯ ವಕೀಲೆಯ ಹೆಸರು ಮಾರ್ಗರೆಟ್ ಡನ್. ಬಿಳಿ ಕೂದಲು, ತಣ್ಣಗಿನ ದನಿ. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು.

"ಮಿಸ್ಟರ್ ಗುರುಕಿರಣ, ಈ ವರ್ಷ ನಮಗೆ ನಾಲ್ಕು ಅಜ್ಜಿಯರು ಬಂದಿದ್ದಾರೆ." ಮೇಜಿನ ಮೇಲೆ ನಾಲ್ಕು ಪತ್ರ ಸಾಲಾಗಿ ಇಟ್ಟರು. "ಚನ್ನಬಸವ್ವ, ಶೇಂಗಾ. ಹುಚ್ಚಮ್ಮ, ಪಿಸ್ತಾ. ಇಲ್ಲೊಬ್ಬರಿಗೆ ಹೆಸರೇ ಇಲ್ಲ, ಬಾದಾಮಿ ಇದೆ. ಇವರು ತಾಯಮ್ಮ, ಮತ್ತೆ ಶೇಂಗಾ. ನಾಲ್ವರೂ ಹನ್ನೊಂದು ವರ್ಷ ಅದೇ ಬಾಗಿಲಲ್ಲಿ ಕೂತಿದ್ದಾರೆ. ನಾಲ್ವರಿಗೂ ಒಬ್ಬನೇ ಜವಾನ ಪೊರಕೆ ಎಸೆದಿದ್ದಾನೆ. ಇದರಲ್ಲಿ ಒಬ್ಬ ಅಜ್ಜಿ ನಿಜ ಇರಬೇಕು. ಬೇಸಿಗೆಯ ಜಾಗ ಅವರ ಮೊಮ್ಮಗುವಿಗೆ. ಉಳಿದವರನ್ನು ನಾನು ಮತ್ತೆ ನೋಡುವುದಿಲ್ಲ."

ಗುರುಕಿರಣನಿಗೆ ಹೋದ ಜೀವ ಬಂದಂತಾಯಿತು. ಅವನದೇ ನಿಜ, ಅದಕ್ಕೆ ಸಾಕ್ಷಿಯೂ ಇದೆ. ಸಾಕ್ಷಿ ಮಿಲ್ಪಿಟಾಸಿನಲ್ಲಿ ಸೋಫಾದ ಮೇಲೆ ಕಾಲು ಚಾಚಿ ಕೂತಿದೆ.

"ನಮ್ಮಜ್ಜಿ ಈಗ ಇಲ್ಲೇ ಇದ್ದಾರೆ. ಫೋನ್ ಮಾಡಿ ಕೇಳಿ," ಎಂದ. "ನಾನು ಬಾಯಿ ಬಿಡಲ್ಲ. ಕನ್ನಡ ಬರೋರು ಯಾರಾದ್ರೂ ಇದ್ರೆ ಕರೀರಿ."

ಇದ್ದರು. ಕಡತ ವಿಭಾಗದಲ್ಲಿ ಕೆಲಸ ಮಾಡುವ ಉಡುಪಿಯ ಪ್ರಫುಲ್ಲಾ ಬಂದು ಕೂತರು. ಗುರುಕಿರಣನ ಕಡೆ ನೋಡಿ, "ಹೆದರ್ಬೇಡಿ ಮಾರಾಯ್ರೆ, ಅಜ್ಜಿ ಹೇಳಿದ್ದು ಹೇಳಿದ ಹಾಗೇ ಹೇಳ್ತೇನೆ," ಎಂದರು. ಗುರುಕಿರಣ ಕೈ ಮುಗಿದ. ವಿಡಿಯೋ ಕಾಲಿನಲ್ಲಿ ಮೊದಲು ಚನ್ನಬಸವ್ವನ ಕಿವಿ ಕಾಣಿಸಿತು, ಆಮೇಲೆ ಮುಖ.

"ಊಟ ಆತೇನವ್ವಾ?" ಎಂದರು ಅಜ್ಜಿ. ಪ್ರಫುಲ್ಲಾ ಅದನ್ನೂ ಅನುವಾದ ಮಾಡಿದರು. ಆಯಿತು ಎಂದರು ಮಾರ್ಗರೆಟ್.

ಪ್ರಫುಲ್ಲಾ ಕೇಳಿದರು. "ಅಜ್ಜಿ, ನೀವು ಹನ್ನೊಂದು ವರ್ಷ ತಹಶೀಲ್ದಾರ್ ಆಫೀಸಿನ ಬಾಗಿಲಲ್ಲಿ ಕೂತು ಶೇಂಗಾ ಸುಲಿದದ್ದು ಹೌದಾ?"

"ನಾನು? ನಾ ಯಾಕ ಕುಂದ್ರಲಿ? ನನಗೇನ್ ಮನಿಯಾಗ ಕೆಲಸಿದ್ದಿಲ್ಲೇನು? ಅದು ನಮ್ಮ ಓಣಿ ತಾಯಮ್ಮಂದು. ಕುಂತಾಕಿ ಅಕಿ. ಶೇಂಗಾ ಅಷ್ಟ ನಮ್ಮ ಹೊಲದ್ದು, ನಾ ಕೊಟ್ಟು ಕಳಸ್ತಿದ್ದೆ."

ಬಾಯಿ ಬಿಡುವುದಿಲ್ಲ ಎಂದಿದ್ದ ಗುರುಕಿರಣ ಬಾಯಿ ಬಿಟ್ಟ. "ಅಜ್ಜೀ, ನೀನೇ ಕೂತಿದ್ದೆ ಅಂತ ನಂಗೆ ಹೇಳಿದ್ಯಲ್ಲ."

"ಹೇಳಿದ್ನೋ ಯಪ್ಪಾ. ನೀ ಸಣ್ಣಾಂವ ಇದ್ದಿ. ಒಂದು ತುತ್ತು ಉಣ್ಣಾಕ ತಾಸು ಹಿಡೀತಿದ್ದಿ. ತಾಯಮ್ಮ ಅಂದ್ರ, ಅಕಿ ಯಾರು, ಎಲ್ಲಿರ್ತಾಳ ಅಂತ ತಲಿ ತಿಂತಿದ್ದಿ. ನಾನು ಅಂದ್ರ ಗಪ್ಪನ ಬಾಯಿ ತೆರೀತಿದ್ದಿ. ನಿನ್ನ ಹೊಟ್ಟಿ ತುಂಬಿದ್ರ ಸಾಕಾಗಿತ್ತು ನನಗ."

ಪ್ರಫುಲ್ಲಾ ತಲೆ ತಗ್ಗಿಸಿಕೊಂಡು, ಹೇಳಿದ ಹಾಗೇ ಹೇಳಿದರು. ಒಂದು ಅಕ್ಷರವನ್ನೂ ನುಂಗಲಿಲ್ಲ. ಮನುಷ್ಯರಿಗೆ ಇಷ್ಟು ಪ್ರಾಮಾಣಿಕತೆ ಇರಬಾರದು ಎಂದು ಗುರುಕಿರಣನಿಗೆ ಅನ್ನಿಸಿತು.

ಮಾರ್ಗರೆಟ್ ಇನ್ನೊಂದು ಪ್ರಶ್ನೆ ಕೇಳಿಸಿದರು. ಆ ತಾಯಮ್ಮನ ಮಕ್ಕಳು ಯಾರು?

"ಒಬ್ಬಾಂವ ಮಗ. ಶಿವಪ್ರಕಾಶ. ಇಲ್ಲೇ ಬಾಜೂ ಮನಿಯಾಗ ಅದಾನಲ್ಲ. ಮುಂಜಾನಿ ಬಂದು ನಮ್ಮ ಹುಡುಗನ ಟೈ ಕಟ್ಟಿ ಹೋದ."

ಮಾರ್ಗರೆಟ್ ನಾಲ್ಕನೆಯ ಪತ್ರ ಎತ್ತಿಕೊಂಡು ಕೆಳಗಿನ ಹೆಸರು ನೋಡಿದರು. ಲಾಸ್ಯಾ ಶಿವಪ್ರಕಾಶ್. "ಈ ಹುಡುಗಿ ನಿನ್ನೆ ಬಂದಿದ್ದಳು. ನಕಲು ಮಾಡಿದ್ದಾಳೆಂದು ಅನುಮಾನಪಟ್ಟು ಅವಳನ್ನು ಕೈಬಿಡುವುದರಲ್ಲಿದ್ದೆ. ಪಾಪ, ತಪ್ಪು ಮಾಡಿಬಿಡುತ್ತಿದ್ದೆ."

"ಮೇಡಂ, ಆ ಪತ್ರ ಬರೆದವನು ನಾನು. ಒಂದೊಂದು ವಾಕ್ಯವೂ ನಂದು."

"ಇನ್ನೊಬ್ಬರ ಅಜ್ಜಿಗೆ ನಿಮ್ಮ ಅಜ್ಜಿಯ ಹೆಸರಿಟ್ಟು ಬರೆದಿದ್ದೀರಿ ಎಂದು ಹೇಳುತ್ತಿದ್ದೀರಾ?"

ಮಾರ್ಗರೆಟ್ ಎದ್ದು ನಿಂತು, ಅವನ ಆಸಕ್ತಿಗೆ ಧನ್ಯವಾದ ಹೇಳಿದರು.

ವಾಪಸು ಬರುವಾಗ ರೈಲಿನಿಂದಲೇ ಲ್ಯಾಬಿಗೆ ಫೋನು ಮಾಡಿದ. ಬಾಸ್ ನಿಜವಾಗಿಯೂ ಒಳ್ಳೆಯವನು, ಬಹಳ ಬೇಜಾರು ಮಾಡಿಕೊಂಡ. ಹನ್ನೆರಡೂ ಕಾಲಿಗೇ ಆ ಜಾಗವನ್ನು ಬೇರೆಯವರಿಗೆ ಕೊಟ್ಟಾಗಿತ್ತು.

ಸಂಜೆ ಆರಕ್ಕೆ ಮನೆ ಸೇರಿದಾಗ ಶಿವಪ್ರಕಾಶ್ ಸೋಫಾದ ಮೇಲೆ ಕೂತಿದ್ದರು. ಟೀಪಾಯಿಯ ಮೇಲೆ ಧಾರವಾಡ ಪೇಡೆಯ ಡಬ್ಬಿ. ಬಸವಂತಪ್ಪನವರು ಪೇಡೆ ಮುಟ್ಟದೆ ಟಿವಿಯ ಸದ್ದು ಜಾಸ್ತಿ ಮಾಡಿಕೊಂಡಿದ್ದರು. ಉಮಾಶ್ರೀಯ ಫೋನು ಒಂದೇ ಸಮನೆ ಟಿಂಗ್ ಟಿಂಗ್ ಎನ್ನುತ್ತಿತ್ತು. ಗುಂಪಿನಲ್ಲಿ ಇನ್ನೂರ ಹನ್ನೊಂದು ಬಂಧುಗಳು ಲಾಸ್ಯಾಗೆ ಅಭಿನಂದನೆ ಹೇಳುತ್ತಿದ್ದರು.

"ಅಂಕಲ್," ಎಂದ ಗುರುಕಿರಣ, ನಿಂತೇ. "ಅದು ನಿಮ್ಮ ತಾಯಿ ಕತೆ ಅಂತ ನಿಮಗೆ ಗೊತ್ತಿತ್ತಾ?"

"ಗ್ರೂಪಲ್ಲಿ ಓದಿದ ದಿನಾನೇ ಗೊತ್ತಾಯ್ತು. ನಮ್ಮವ್ವ ಅಲ್ವೇನಪ್ಪಾ."

"ಮತ್ತೆ ಯಾಕ್ ಹೇಳ್ಲಿಲ್ಲ?"

"ಅಷ್ಟು ಜನ ಇರೋ ಗ್ರೂಪಲ್ಲಿ ನಿಮ್ಮಮ್ಮನ ಮರ್ಯಾದೆ ತೆಗೀಲಾ? ಅಂಥ ಸಣ್ಣ ಮನುಷ್ಯ ಅಲ್ಲ ನಾನು. ಹೆಸರು ಸರಿ ಮಾಡಿ ಲಾಸ್ಯಾಗೆ ಕೊಟ್ಟೆ, ಅಷ್ಟೇ. ಚೆನ್ನಾಗಿ ಬರ್ದಿದ್ದೆ ಕಣೋ, ಓದಿ ನಂಗೇ ಅಳು ಬಂತು." ಅವರು ಎದ್ದು ಒಂದು ಪೇಡೆಯನ್ನು ಅವನ ಕೈಗಿಟ್ಟು, ಟೈ ಸಡಿಲಿಸಿ, ಬೆನ್ನು ತಟ್ಟಿ ಹೊರಟುಹೋದರು. ಗುರುಕಿರಣನಿಗೆ ಅವರ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಆದರೆ ಯಾವ ಕಾನೂನಿನ ಪ್ರಕಾರ ಸಿಟ್ಟಾಗಬೇಕೆಂದು ತಿಳಿಯಲಿಲ್ಲ.

ಅಡುಗೆಮನೆಯಲ್ಲಿ ಚನ್ನಬಸವ್ವ ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ, ತಟ್ಟೆ ಹಿಡಿದು ಕೂತಿದ್ದರು. ಅವನು ಎದುರಿಗೆ ಕೂತ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ತಿನ್ನುವ ಮನಸ್ಸೂ ಇರಲಿಲ್ಲ.

"ಬಿಡೋ. ಅದು ಹೋದ್ರ ಹೋತು," ಎಂದರು ಅಜ್ಜಿ. "ನಂದು ಇನ್ನೊಂದು ಕೇಸ್ ಐತಿ. ಬಸ್ ಕಂಡಕ್ಟರ್ ಮ್ಯಾಲ ಹಾಕಿದ್ದು. ಅದನ್ನ ಬರಿ."

"ಅಜ್ಜಿ, ಇದಾದ್ರೂ ನಿಂದೇನಾ?"

ಚನ್ನಬಸವ್ವ ತುತ್ತನ್ನು ಅವನ ತುಟಿಯ ಹತ್ತಿರ ತಂದರು.

"ಮೊದಲ ಬಾಯಿ ತೆರಿ," ಎಂದರು.

ಅವನು ತೆರೆದ.